ಕಾರ್ಮಿಕರ ಶಿಬಿರದಲ್ಲಿ ಕಾನೂನು ಹೇಳಿಕೊಟ್ಟರೆ ಸಾಕೇ?

ಎರಡನೇ ಪಾಳಿ:
ಕಾರ್ಮಿಕರಿಗೆ ಅವರ ಹಕ್ಕುಗಳ ಬಗ್ಗೆ, ಸಂಘದ ಪದಾಧಿಕಾರಿಗಳಿಗೆ ನಾಯಕತ್ವದ ಬಗ್ಗೆ ತರಬೇತಿ ಕೊಡುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಈಚೆಗೆ ನಡೆದ ಒಂದು ಪ್ರಸಂಗ ಮನಸ್ಸನ್ನು ಕೊರೆಯುತ್ತಿರುವುದರಿಂದ ಅದನ್ನು ಚರ್ಚೆಗೆ ಇಡುತ್ತಿದ್ದೇನೆ. ಮೂರು ದಿನಗಳ ಶಿಬಿರದಲ್ಲಿ ಶಿಸ್ತುಕ್ರಮದ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದ, ಆಪಾದನಾ ಪತ್ರಕ್ಕೂ ಕಾರಣ ಕೇಳುವ ನೋಟಿಸಿಗೂ ಇರುವ ವ್ಯತ್ಯಾಸವನ್ನು ನನಗಿಂತ ಸ್ಪಷ್ಟವಾಗಿ ವಿವರಿಸಿದ ಯುವಕನೊಬ್ಬ, ತಿಂಗಳು ಕಳೆಯುವುದರೊಳಗೆ ಮೇಲಧಿಕಾರಿಯ ಕೋಣೆಯಲ್ಲಿ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದ. ಏಕಪ್ಪಾ ಹಾಕಿದೆ ಎಂದು ಕೇಳಿದರೆ, ‘ಪೆನ್ನು ಅವರೇ ಕೈಗೆ ಕೊಟ್ಟುಬಿಟ್ಟರು ಸಾರ್’ ಎಂದ. ಅಷ್ಟೇ ಅವನ ಉತ್ತರ. ಹಾಗಾದರೆ ನಾನು ಮೂರು ದಿನ ಕಲಿಸಿದ್ದು ಏನನ್ನು ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಕರಡು ತಿದ್ದುವವ:
ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಇದರಿಂದ ಕಾನೂನಿನ ಪಾಠವೇ ವ್ಯರ್ಥ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಕಾರ್ಮಿಕ ಸಂಘಗಳ ಅರ್ಜಿ, ಪತ್ರ, ಒಪ್ಪಂದಗಳ ಕರಡುಗಳನ್ನು ತಿದ್ದುವುದೇ ನನ್ನ ವೃತ್ತಿಯಾದ್ದರಿಂದ ಹೇಳುತ್ತೇನೆ: ಮುಂಚಿತವಾಗಿ ನೋಟಿಸು ಕೊಡಬೇಕೆಂಬ ನಿಯಮವಿರುವ ಕಡೆ ದಿನಗಳನ್ನು ಎಣಿಸುವುದರಲ್ಲಿ ಒಂದೇ ಒಂದು ದಿನ ತಪ್ಪಿದರೂ, ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ಮುಷ್ಕರ ಕಾನೂನುಬಾಹಿರವಾಗುತ್ತದೆ, ಮತ್ತು ಅದರ ಪೆಟ್ಟು ಬೀಳುವುದು ಭಾಷಣ ಮಾಡಿದವರಿಗಲ್ಲ, ಗೇಟಿನ ಹೊರಗೆ ನಿಂತವರಿಗೆ. ಧೈರ್ಯವನ್ನು ಶಿಬಿರದಲ್ಲಿ ಹಂಚಲಾಗದು, ತಿಳಿವಳಿಕೆಯನ್ನು ಹಂಚಬಹುದು.

ನಡಾವಳಿ:
ಧೈರ್ಯ, ತಿಳಿವಳಿಕೆ ಎಂದು ಇಬ್ಭಾಗ ಮಾಡಿದ್ದರಲ್ಲಿಯೇ ತೊಡಕಿದೆ ಎಂದು ನನಗೆ ತೋರುತ್ತದೆ. ಅಮೆರಿಕದ ವೈನ್‌ಗಾರ್ಟನ್ ತೀರ್ಪನ್ನು ನೋಡಿ. ಶಿಸ್ತುಕ್ರಮಕ್ಕೆ ದಾರಿಯಾಗಬಹುದೆಂದು ಕಾರ್ಮಿಕನಿಗೆ ಸಕಾರಣವಾಗಿ ಅನ್ನಿಸುವ ವಿಚಾರಣೆಯಲ್ಲಿ ಸಂಘದ ಪ್ರತಿನಿಧಿಯನ್ನು ಜೊತೆಗೆ ಕೂರಿಸಿಕೊಳ್ಳಲು ಕೇಳುವ ಹಕ್ಕು ಅವನಿಗಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಆದರೆ ಆ ಹಕ್ಕು ಇದೆಯೆಂದು ಮಾಲೀಕ ತಾನಾಗಿ ತಿಳಿಸಬೇಕಿಲ್ಲ. ಬಾಯಿಬಿಟ್ಟು ಕೇಳಿದವನಿಗೆ ಉಂಟು, ಕೇಳದವನಿಗೆ ಇಲ್ಲ. ಆದ್ದರಿಂದ ಅಲ್ಲಿನ ಸಂಘಗಳು ಕೇಳಬೇಕಾದ ಮಾತನ್ನೇ ಪುಟ್ಟ ಚೀಟಿಯಲ್ಲಿ ಅಚ್ಚುಹಾಕಿಸಿ, ಜೇಬಿನಲ್ಲಿಟ್ಟುಕೊಳ್ಳಲು ಸದಸ್ಯರ ಕೈಗೆ ಕೊಡುತ್ತವೆ. ತೀರ್ಪಿನ ಹೆಸರು, ವರ್ಷ, ಪೀಠ ಎಲ್ಲವನ್ನೂ ಬಾಯಿಪಾಠ ಮಾಡಿದವನಿಗಿಂತ ಆ ಎರಡು ವಾಕ್ಯಗಳನ್ನು ಹತ್ತು ಜನರ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡಿದವನೇ ಕಾನೂನನ್ನು ಹೆಚ್ಚು ಬಲ್ಲವನು. ನಾವು ಇಲ್ಲಿ ಕಲಿಸುತ್ತಿರುವುದು ಧೈರ್ಯವನ್ನೋ ತಿಳಿವಳಿಕೆಯನ್ನೋ ಎಂದು ಬೇರ್ಪಡಿಸಿ ಹೇಳಲು ನನಗಂತೂ ಸಾಧ್ಯವಿಲ್ಲ.

ಕರಡು ತಿದ್ದುವವ:
ಒಪ್ಪಿದೆ. ಆದರೆ ಆ ಚೀಟಿಯ ಎರಡು ವಾಕ್ಯಗಳನ್ನು ಬರೆಯಲು ಯಾರೋ ತೀರ್ಪನ್ನು ಪೂರ್ತಿ ಓದಿರಲೇಬೇಕಲ್ಲವೇ?

ಗೇಟ್ ಮೀಟಿಂಗ್:
ಓದಿರಲಿ. ಆದರೆ ಹಾಗೆ ಓದಿದವರು ಯಾರ ಸಂಬಳದಲ್ಲಿದ್ದಾರೆ ಎಂಬುದನ್ನೂ ಕೇಳಬೇಕು. ಈ ಚರ್ಚೆಯಲ್ಲಿ ಬೋಧಕರೆಂದರೆ ಮಳೆಯ ಹಾಗೆ ಆಕಾಶದಿಂದ ಬಂದವರು ಎಂಬಂತೆ ಮಾತು ಸಾಗಿದೆ. ಕಾರ್ಮಿಕರಿಗಾಗಿ ಆಕ್ಸ್‌ಫರ್ಡ್‌ನಲ್ಲಿ 1899ರಲ್ಲಿ ಆರಂಭವಾದ ರಸ್ಕಿನ್ ಕಾಲೇಜಿನಲ್ಲಿ ಹತ್ತು ವರ್ಷ ತುಂಬುವಷ್ಟರಲ್ಲಿ ವಿದ್ಯಾರ್ಥಿಗಳೇ ಮುಷ್ಕರ ಹೂಡಿದರು. ಗಣಿ, ರೈಲ್ವೆಗಳಿಂದ ಬಂದ ಅವರಿಗೆ ವಿಶ್ವವಿದ್ಯಾಲಯದ ‘ನಿಷ್ಪಕ್ಷಪಾತ’ ಅರ್ಥಶಾಸ್ತ್ರ ಬೇಕಾಗಿರಲಿಲ್ಲ; ತಮ್ಮ ಪರವಾಗಿದ್ದ ಪ್ರಾಂಶುಪಾಲ ಡೆನಿಸ್ ಹರ್ಡ್ ಅವರನ್ನು ಹೊರಹಾಕಿದ್ದನ್ನು ಅವರು ಸಹಿಸಲಿಲ್ಲ. ತರಗತಿಗಳನ್ನು ಬಹಿಷ್ಕರಿಸಿ, ಅದೇ 1909ರಲ್ಲಿ ಸೆಂಟ್ರಲ್ ಲೇಬರ್ ಕಾಲೇಜನ್ನು ಕಟ್ಟಿಕೊಂಡರು. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ರೂಪ ಕೊಟ್ಟ ಅನೈರಿನ್ ಬೆವನ್ ಆ ಕಾಲೇಜಿನಲ್ಲಿ ಓದಿದ ಗಣಿ ಕಾರ್ಮಿಕ. ಪಕ್ಷ ವಹಿಸದ ಬೋಧಕ ಕಾರ್ಮಿಕರಿಗೆ ಕಲಿಸುವುದು ತಗ್ಗಿಬಗ್ಗಿ ನಡೆಯುವುದನ್ನು ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ನಡಾವಳಿ:
ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದಿರಿ. ಆ ಸೆಂಟ್ರಲ್ ಲೇಬರ್ ಕಾಲೇಜು ನಿಂತಿದ್ದು ಮುಖ್ಯವಾಗಿ ದಕ್ಷಿಣ ವೇಲ್ಸಿನ ಗಣಿ ಕಾರ್ಮಿಕರ ಮತ್ತು ರೈಲ್ವೆ ಕಾರ್ಮಿಕರ ಸಂಘಗಳ ಹಣದಿಂದ. ಆ ಹಣ ನಿಂತಾಗ, 1929ರಲ್ಲಿ, ಕಾಲೇಜೂ ಮುಚ್ಚಿತು. ಅಮೆರಿಕದ ಬ್ರೂಕ್‌ವುಡ್ ಲೇಬರ್ ಕಾಲೇಜಿನದು ಇನ್ನೊಂದು ಬಗೆಯ ಪಾಡು: ಅಲ್ಲಿನ ಬೋಧನೆ ತನ್ನ ನೀತಿಗೆ ಹೊಂದುವುದಿಲ್ಲವೆಂದು ದೊಡ್ಡ ಕಾರ್ಮಿಕ ಒಕ್ಕೂಟವೇ 1928ರಲ್ಲಿ ಬೆಂಬಲ ಹಿಂತೆಗೆದುಕೊಂಡಿತು. ಅಂದರೆ ಮಾಲೀಕರ ಹಣವಾದರೆ ಮಾತ್ರ ಬೋಧಕನ ಬಾಯಿಗೆ ಬೀಗ ಬೀಳುತ್ತದೆ, ಸಂಘದ ಹಣವಾದರೆ ಬೀಳುವುದಿಲ್ಲ ಎಂದು ತಿಳಿಯುವುದು ಭೋಳೆತನ. ಭಾರತದಲ್ಲಿ 1958ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿ ನಡೆಯುತ್ತಾ ಬಂದಿದ್ದು ಸರ್ಕಾರದ ಅನುದಾನದಿಂದ; ಅದರ ಇತಿಮಿತಿಗಳು ಬೇರೆ, ಆದರೆ ಸಂಘವೇ ಇಲ್ಲದ ಕಾರ್ಮಿಕರನ್ನು ತಲುಪುವ ಕೆಲಸಕ್ಕೆ ಸಂಘದ ಚಂದಾ ಹಣ ಎಲ್ಲಿಂದ ಬರಬೇಕು ಹೇಳಿ.

ಎರಡನೇ ಪಾಳಿ:
ಹಣದ ಮಾತು ಮುಖ್ಯವೇ ಸರಿ. ನನಗೆ ಬರುವ ಗೌರವಧನವೂ ಸಂಘದ್ದೇ, ಮತ್ತು ಪದಾಧಿಕಾರಿಗಳ ಚುನಾವಣೆ, ಲೆಕ್ಕಪತ್ರಗಳ ಪಾಠ ಬಂದಾಗ ಕಾರ್ಯದರ್ಶಿಗಳ ಮುಖ ನೋಡಿ ನಾನು ದನಿ ತಗ್ಗಿಸಿದ್ದೂ ಉಂಟು. ಆದರೆ ಮತ್ತೆ ಆ ಯುವಕನ ವಿಷಯಕ್ಕೇ ಬರುತ್ತೇನೆ. ಅವನಿಗೆ ಪಕ್ಷ ಯಾವುದೆಂದು ಗೊತ್ತಿತ್ತು, ಕಾನೂನೂ ಗೊತ್ತಿತ್ತು. ಆದರೂ ಪೆನ್ನು ಹಿಡಿದ.

ಮೂರನೇ ಸಾಲು:
ನಾನು ಬೋಧಕಳಲ್ಲ, ಇಂಥ ಶಿಬಿರಗಳಲ್ಲಿ ಕುಳಿತು ಕೇಳಿದವಳು. ಹೇಳಲೇಬೇಕೆನಿಸಿದ್ದರಿಂದ ಬರೆಯುತ್ತಿದ್ದೇನೆ. ನಾನು ಹೋದ ಶಿಬಿರಗಳಲ್ಲಿ ಕುರ್ಚಿಗಳೆಲ್ಲ ಬೋಧಕರ ಕಡೆಗೆ ಮುಖ ಮಾಡಿದ್ದವು, ಮೈಕು ಒಂದೇ ಇತ್ತು, ಅದು ಮೊದಲ ಸಾಲನ್ನು ದಾಟಿ ಹಿಂದಕ್ಕೆ ಬರಲಿಲ್ಲ. ಪ್ರಶ್ನೆ ಕೇಳಿ ಎನ್ನುತ್ತಿದ್ದರು. ಕೇಳುತ್ತಿದ್ದವರು ಸಂಘದಲ್ಲಿ ಆಗಲೇ ಮಾತಾಡಿ ಅಭ್ಯಾಸವಿದ್ದ ನಾಲ್ಕೈದು ಮಂದಿ. ಮುಂದಿನ ಶಿಬಿರಕ್ಕೂ ಸಂಘ ಕಳಿಸಿದ್ದು ಅವರನ್ನೇ. ಮೂರು ದಿನ ಬಾಯಿ ತೆರೆಯದೆ ಕುಳಿತು ಕೇಳಿದವರು ಅಧಿಕಾರಿಯ ಕೋಣೆಯಲ್ಲಿ ಮಾತ್ರ ಇದ್ದಕ್ಕಿದ್ದಂತೆ ಮಾತಾಡಿಬಿಡಬೇಕು ಎಂದು ನೀವು ಹೇಗೆ ನಿರೀಕ್ಷಿಸುತ್ತೀರಿ? ಆ ಯುವಕ ಪಾಠವನ್ನು ನಿಮಗೆ ಚೆನ್ನಾಗಿ ಒಪ್ಪಿಸಿದ ಎಂದಿರಿ. ಎದುರಿಗೆ ಕುಳಿತ ದೊಡ್ಡವರಿಗೆ ಒಪ್ಪಿಸುವುದನ್ನೇ ಅವನು ಅಲ್ಲಿಯೂ ಮಾಡಿದ.

ನಡಾವಳಿ:
‘ಮೂರನೇ ಸಾಲು’ ಅವರ ಮಾತಿಗೆ ನಾನು ಸೇರಿಸುವುದು ಸ್ವಲ್ಪವೇ ಇದೆ. 1932ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಹೈಲ್ಯಾಂಡರ್ ಶಾಲೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಲ್ಸ್ ಹಾರ್ಟನ್ ತಾವೇ ಹೇಳಿಕೊಂಡ ಒಂದು ಪ್ರಸಂಗವಿದೆ. ಸೋಲುವ ಹಂತಕ್ಕೆ ಬಂದಿದ್ದ ಮುಷ್ಕರವೊಂದರ ಸಮಿತಿಯವರು ಮುಂದೇನು ಮಾಡಬೇಕೆಂದು ಹೇಳಿರಿ ಎಂದು ಅವರನ್ನು ಒತ್ತಾಯಿಸಿದರು. ಇಂದು ನಾನು ಹೇಳಿದರೆ ನಾಳೆಯೂ ನನ್ನನ್ನೇ ಕೇಳುತ್ತೀರಿ, ಆದ್ದರಿಂದ ಹೇಳುವುದಿಲ್ಲ ಎಂದರು ಹಾರ್ಟನ್. ಆಗ ಅವರಲ್ಲೊಬ್ಬ ಪಿಸ್ತೂಲು ತೆಗೆದ. ಆ ಕ್ಷಣದಲ್ಲಿ ಪರಿಣತನಾಗಿಬಿಡಬೇಕೆಂಬ ಆಸೆ ತಮಗೂ ಆಯಿತೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ, ಆದರೂ ಹೇಳಲಿಲ್ಲ. 1955ರ ಬೇಸಿಗೆಯಲ್ಲಿ ಅದೇ ಶಾಲೆಯ ಕಾರ್ಯಾಗಾರದಲ್ಲಿ ಕುಳಿತಿದ್ದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಡಿಸೆಂಬರಿನಲ್ಲಿ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಟ್ಟು ಏಳಲು ಒಪ್ಪಲಿಲ್ಲ. ಶಾಲೆ ಕಲಿಸಿದ್ದರಿಂದಲೇ ಹಾಗೆ ಮಾಡಿದರು ಎನ್ನುವುದು ಅವರಿಗೆ ಮಾಡುವ ಅನ್ಯಾಯ. ಅವರು ಅದಕ್ಕೂ ಹಿಂದೆ ಹಲವು ವರ್ಷ ಸಂಘಟನೆಯ ಕೆಲಸ ಮಾಡಿದ್ದವರು.

ಕರಡು ತಿದ್ದುವವ:
ಪ್ರಸಂಗ ಚೆನ್ನಾಗಿದೆ. ಆದರೆ ನಾಳೆ ಬೆಳಿಗ್ಗೆ ಉತ್ತರ ಸಲ್ಲಿಸಲೇಬೇಕಾದ ನೋಟಿಸನ್ನು ಹಿಡಿದು ಬಂದವನಿಗೆ ‘ನೀನೇ ಯೋಚಿಸು’ ಎಂದು ಹೇಳಿ ಕಳಿಸುವ ಬೋಧಕನನ್ನು ನಾನು ಗೌರವಿಸಲಾರೆ. ಹೇಳಬೇಕಾದದ್ದನ್ನು ಹೇಳುವ ಹೊತ್ತೂ ಉಂಟು. ಇನ್ನೊಂದು ಮಾತು: ಗಂಭೀರವಾದ ಓದನ್ನು ಕಾರ್ಮಿಕರು ಬೇಡವೆನ್ನುತ್ತಾರೆ ಎಂದು ಯಾರೂ ಭಾವಿಸಬಾರದು. 1908ರಲ್ಲಿ ಆರ್. ಎಚ್. ಟೌನಿ ಇಂಗ್ಲೆಂಡಿನ ರಾಕ್‌ಡೇಲ್, ಲಾಂಗ್‌ಟನ್ ಊರುಗಳಲ್ಲಿ ಆರಂಭಿಸಿದ ತರಗತಿಗಳಲ್ಲಿ ದಿನದ ದುಡಿಮೆ ಮುಗಿಸಿ ಬಂದವರು ಒಂದು ಗಂಟೆ ಉಪನ್ಯಾಸ ಕೇಳಿ, ಇನ್ನೊಂದು ಗಂಟೆ ಚರ್ಚೆ ಮಾಡಿ, ಮನೆಗೆ ಹೋಗಿ ಪ್ರಬಂಧವನ್ನೂ ಬರೆಯುತ್ತಿದ್ದರು. ಅದು ಮೂರು ವರ್ಷಗಳ ವ್ಯಾಸಂಗ. ನಮ್ಮದು ಮೂರು ದಿನಗಳದ್ದು. ದೋಷ ಪಾಠದ್ದೋ ಅವಧಿಯದ್ದೋ ನೋಡಿ.

ಗೇಟ್ ಮೀಟಿಂಗ್:
ಅವಧಿಯ ಮಾತು ಎತ್ತಿದಿರಿ, ಅಲ್ಲಿ ನಾನು ನಿಮ್ಮ ಜೊತೆಗಿದ್ದೇನೆ. ವೇತನಸಹಿತ ಶಿಕ್ಷಣ ರಜೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರಲ್ಲಿ ಮಾಡಿದ 140ನೇ ಒಡಂಬಡಿಕೆ, ಅಂಥ ರಜೆ ಕೊಡಬೇಕಾದ ಉದ್ದೇಶಗಳಲ್ಲಿ ಕಾರ್ಮಿಕ ಸಂಘದ ಶಿಕ್ಷಣವನ್ನೂ ಹೆಸರಿಟ್ಟು ಸೇರಿಸಿದೆ. ಒಂದು ದಿನದ ಕೂಲಿ ಕಳೆದುಕೊಂಡು ಬರುವವರಿಗೆ ಮೂರು ವರ್ಷದ ವ್ಯಾಸಂಗ ಎಲ್ಲಿಯದು? ಶಿಬಿರದಲ್ಲಿ ಮೊದಲು ಬೇಡಿಕೆ ಪಟ್ಟಿ ಬರೆಯಿಸುವುದಾದರೆ ಈ ರಜೆಯೇ ಅದರ ಮೊದಲ ಬೇಡಿಕೆಯಾಗಲಿ.

ಎರಡನೇ ಪಾಳಿ:
ಎಲ್ಲರಿಗೂ ವಂದನೆಗಳು, ‘ಮೂರನೇ ಸಾಲು’ ಅವರ ಕೊನೆಯ ವಾಕ್ಯ ಚುಚ್ಚಿತು, ಚುಚ್ಚಬೇಕಾದದ್ದೇ. ಮುಂದಿನ ಶಿಬಿರದಲ್ಲಿ ಮೊದಲ ದಿನದ ಉಪನ್ಯಾಸವನ್ನು ಕೈಬಿಟ್ಟು, ಒಂದು ಮೇಜು, ಎರಡು ಕುರ್ಚಿ, ಟೈಪು ಮಾಡಿದ ಒಂದು ತಪ್ಪೊಪ್ಪಿಗೆ ಪತ್ರ ಮತ್ತು ಒಂದು ಪೆನ್ನು ಇಡಬೇಕೆಂದಿದ್ದೇನೆ. ಪ್ರತಿಯೊಬ್ಬರೂ ಆ ಕುರ್ಚಿಯಲ್ಲಿ ಒಮ್ಮೆ ಕೂರಬೇಕು. ‘ಓದಿ ನೋಡಲು ಸಮಯ ಬೇಕು, ನಮ್ಮ ಪ್ರತಿನಿಧಿಯನ್ನು ಕರೆಸಿ’ ಎಂದು ಎದುರಿನವರಿಗೆ ಹೇಳಿ, ಸಹಿ ಹಾಕದೆ ಎದ್ದು ಬರಬೇಕು. ಅಲ್ಲಲ್ಲಿ ಅನ್ವಯಿಸುವ ನಿಯಮವನ್ನು ಅದಾದ ಮೇಲೆ ವಿವರಿಸುತ್ತೇನೆ. ಅಧಿಕಾರಿಯ ಪಾತ್ರವನ್ನು ನಾನೇ ವಹಿಸುವುದು ಸರಿಯೇ?

ಮೂರನೇ ಸಾಲು:
ಬೇಡ. ನಮ್ಮವರಿಗೇ ಕೊಡಿ. ಅಧಿಕಾರಿಗಳು ಗದರುವುದಿಲ್ಲ, ಮೊದಲು ಕೂರಿಸಿ ಮನೆಯವರ ಕ್ಷೇಮ ವಿಚಾರಿಸುತ್ತಾರೆ, ಆಮೇಲೆ ‘ಇದೊಂದು ಫಾರ್ಮಾಲಿಟಿ ಅಷ್ಟೇ’ ಎಂದು ಕಾಗದ ಮುಂದಕ್ಕೆ ತಳ್ಳುತ್ತಾರೆ. ಆ ದನಿ ನಿಮಗೆ ಬರುವುದಿಲ್ಲ. ಮತ್ತು ಅಂದಿನ ನಡಾವಳಿಯನ್ನು ಬರೆಯುವ ಪುಸ್ತಕವನ್ನು ದಯವಿಟ್ಟು ಕಾರ್ಯದರ್ಶಿಗಳಿಗೆ ಕೊಡಬೇಡಿ, ಹಿಂದೆ ಕುಳಿತವರಿಗೆ ಕೊಡಿ.