ನೀರಿನ ಟ್ಯಾಂಕ್ ಹತ್ರದ ವ್ಯಾನು: ಭಾನುವಾರದ ಸಭೆಗೆ ಮುಂಚೆ ಎಲ್ಲರೂ ಓದಿ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಟ್ಯಾಂಕ್ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿರೋ ಹಳೇ ಓಮ್ನಿ ವ್ಯಾನು, ಅದರಲ್ಲಿ ನಾಯಿಗಳನ್ನ ಇಟ್ಕೊಂಡು ಮಲಗೋ ಅಜ್ಜನ ಬಗ್ಗೆ ದಿನಾ ಫೋನ್ ಬರ್ತಿವೆ. ಫೋನಲ್ಲಿ ಬೇಡ, ಇಲ್ಲೇ ಬರೀರಿ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸೇರಿ ತೀರ್ಮಾನ ಮಾಡೋಣ. ಫೋಟೊ, ವಿಡಿಯೊ ದಯವಿಟ್ಟು ಹಾಕಬೇಡಿ. ಆ ಅಜ್ಜನ ಮುಖ ಬಳ್ಳಾರಿ ತುಂಬ ತಿರುಗೋದು ಬೇಡ.

ಮೂಲೆಮನಿ ಅಕ್ಕ:
ವಾಸನಿ ತಡಕೊಳ್ಳಾಕ ಆಗವಲ್ದು ರೀ. ಕಿಟಕಿ ತೆಗೆಯಂಗಿಲ್ಲ. ರಾತ್ರಿ ಒಂದು ಶುರು ಮಾಡಿದ್ರೆ ಎಲ್ಲಾ ಕೂಡಿ ಬೊಗಳ್ತಾವೆ. ಮೊಮ್ಮಗಳು ಟ್ಯೂಷನ್‌ಗೆ ಸುತ್ತು ಹಾಕ್ಕೊಂಡು ಹೋಗ್ತಾಳೆ. ಅಜ್ಜ ಕೆಟ್ಟಾತ ಅಲ್ಲ. ರೊಟ್ಟಿ, ಪಲ್ಯ ಕೊಟ್ಟು ಬಂದೆ, ನನ್ನೆದುರಿಗೇ ಮುರಿದು ನಾಯಿಗಳಿಗೆ ಹಾಕಿದ. ತಾನು ಒಂದು ತುತ್ತು ತಿನ್ನಲಿಲ್ಲ.

ಮೂರನೇ ಕ್ರಾಸ್ (ತೋರಣಗಲ್ಲು ಶಿಫ್ಟ್):
ಸೆಕೆಂಡ್ ಶಿಫ್ಟ್ ಮುಗಿಸಿ ಬರೋವಾಗ ಬೈಕ್ ಹಿಂದೆ ಬೀಳ್ತಾವೆ. ಮೊನ್ನೆ ನಮ್ಮ ಕ್ರಾಸಿನ ಹುಡುಗನಿಗೆ ಮೀನಖಂಡಕ್ಕೆ ಕಚ್ಚೈತೆ. ಕ್ರೇನ್ ಕರೆಸಿ ವ್ಯಾನ್ ಎತ್ತಿಸಿಬಿಡೋಣ. ದುಡ್ಡು ನಾವು ಹುಡುಗರೇ ಹಾಕ್ತೀವಿ.

ಎರಡನೇ ಕ್ರಾಸ್:
ನನ್ನದೂ ಅದೇ ಮಾತು. ಗಾಡಿಯೊಳಗೆ ಮಲಗೋರು ಯಾರು, ಎಲ್ಲಿಯವರು, ಯಾರಿಗೆ ಗೊತ್ತು? ಹಗಲೆಲ್ಲ ಕೂತು ಯಾವ ಮನೆಗೆ ಬೀಗ ಬಿದ್ದೈತೆ ಅಂತ ನೋಡಬಹುದಲ್ಲ?

ಕಿರಾಣಿ ಅಂಗಡಿ ಅಣ್ಣ:
ಹಂಗ ಅನ್ನಬ್ಯಾಡ್ರಿ ಸಾರ್. ಸಂಡೂರು ಕಡೆಯಾತ. ಅದಿರು ಓಡೋ ಕಾಲದಾಗ ಸಾಲ ಮಾಡಿ ಲಾರಿ ತಗೊಂಡಿದ್ದ. 2011ರ ಜುಲೈದಾಗ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸ್ತಲ್ಲ, ಅವಾಗ ಸಾಲುಸಾಲು ಲಾರಿ ನಿಂತಿದ್ದು ನಾವೆಲ್ಲ ಕಣ್ಣಾರೆ ನೋಡೀವಿ. ಕಂತು ಕಟ್ಟಾಕ ಆಗಲಿಲ್ಲ, ಫೈನಾನ್ಸಿನವರು ಗಾಡಿ ಎಳಕೊಂಡು ಹೋದ್ರು. ಮಂದಿ ಗಾಡಿ ಓಡಿಸಿದ, ಕಣ್ಣು ಮಂದ ಆತು. ಹೆಂಡತಿ ತೀರಿಕೊಂಡಮ್ಯಾಲೆ ಬಾಡಿಗಿ ಮನಿ ಬಿಟ್ಟ. ವ್ಯಾನ್ ಒಂದು ಉಳೀತು. ನನ್ನ ಅಂಗಡ್ಯಾಗ ಬ್ರೆಡ್ಡು, ಹಾಲು ತಗೋತಾನ, ರೊಕ್ಕ ಬಾಕಿ ಇಟ್ಟಿಲ್ಲ.

ಮೇಷ್ಟ್ರು, ಒಂದನೇ ಕ್ರಾಸ್:
ಗಾಡಿಯಲ್ಲಿ ಮಲಗುವವರನ್ನೆಲ್ಲ ಕಳ್ಳರೆಂದರೆ ನಮ್ಮ ಜಿಲ್ಲೆಯ ಅರ್ಧ ದುಡಿಮೆಯೇ ನಿಲ್ಲುತ್ತದೆ. ಲಾರಿ ಡ್ರೈವರುಗಳು ಕ್ಯಾಬಿನ್ನಿನಲ್ಲೇ ಮಲಗುತ್ತಾರೆ. ಸಿರುಗುಪ್ಪದ ಕಡೆ ಭತ್ತ ಕೊಯ್ಯಲು ಬರುವ ಯಂತ್ರದವರು ಗದ್ದೆಯ ಬದುವಿನಲ್ಲೇ ಇರುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ಕೂಡಿಸುವವರನ್ನು ರೈತರೇ ಕಾಳು, ದುಡ್ಡು ಕೊಟ್ಟು ಕರೆಯುತ್ತಾರೆ. ಅವರ ಮೇಲೆ ಬಾರದ ಅನುಮಾನ ಈತನ ಮೇಲೆ ಬಂದಿದ್ದು ಕೆಲಸವಿಲ್ಲದ ಮುದುಕ ಎಂಬ ಕಾರಣಕ್ಕೆ. 2011ರ ಜನಗಣತಿಯಲ್ಲಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನರನ್ನು ವಸತಿಹೀನರೆಂದು ಎಣಿಸಿದ್ದಾರೆ. ಅವರಲ್ಲೊಬ್ಬರು ನಮ್ಮ ಟ್ಯಾಂಕಿನ ಪಕ್ಕ ಬಂದು ನಿಂತಾಗ ಮಾತ್ರ ನಮಗೆ ಕಾಣುತ್ತಾರೆ.

ಎರಡನೇ ಕ್ರಾಸ್:
ಮೇಷ್ಟ್ರೇ, ಕಳ್ಳ ಅಂದಿದ್ದು ವಾಪಸ್ ತಗೊಂಡೆ. ಆದರೆ ನಾಯಿ?

ಪಶುವೈದ್ಯರು (ನಿವೃತ್ತ), ನಾಲ್ಕನೇ ಕ್ರಾಸ್:
ಅದನ್ನೇ ಹೇಳಬೇಕು ಅಂತಿದ್ದೆ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ನಿನ್ನೆ ಸಂಜೆ ಅಂಗಡಿ ಅಣ್ಣನ ಜೊತೆ ಹೋಗಿದ್ದೆ. ಮೊದಲು ಬಾಗಿಲು ತೆಗೀಲಿಲ್ಲ. ಗಾಯಕ್ಕೆ ಹಚ್ಚೋ ಔಷಧ ತಂದೀನಿ ಅಂದ ಮೇಲೆ ತೆಗೆದರು. ಒಳಗೆ ಹನ್ನೊಂದು ನಾಯಿ, ಹೊರಗೆ ಕಟ್ಟಿದ್ದು ನಾಲ್ಕು. ಸೀಟಿನ ಕೆಳಗೆ ಒಂದು ಹೆಣ್ಣು ಮರಿ ಹಾಕೈತೆ, ಮರಿಗಳಿನ್ನೂ ಕಣ್ಣು ಬಿಟ್ಟಿಲ್ಲ. ಉಚ್ಚೆಯ ಅಮೋನಿಯಾಕ್ಕೆ ನನ್ನ ಕಣ್ಣು ಉರಿದು ನೀರು ಬಂತು. ಅಜ್ಜ ಅದರೊಳಗೇ ಉಸಿರಾಡ್ತಾರೆ, ಅಲ್ಲೇ ಮಲಗ್ತಾರೆ. ಬಹಳ ನಾಯಿಗಳಿಗೆ ಕಜ್ಜಿ ಹತ್ತಿ ಕೂದಲು ಉದುರೈತೆ, ಕಿವಿ ತುಂಬ ಉಣ್ಣಿ. ಒಂದು ಮರಿ ಸತ್ತಿತ್ತು, ಟವೆಲಲ್ಲಿ ಸುತ್ತಿ ಇಟ್ಟಿದ್ದರು. "ಏನಾಗಿಲ್ಲ ಡಾಕ್ಟ್ರೇ, ಮಲಗೈತೆ" ಅಂದರು.

ಆ ಮಾತು ಸುಳ್ಳಲ್ಲ, ಅವರಿಗೆ ಹಾಗೇ ಕಾಣ್ತದೆ. 1999ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ ಇಂಥ ಪ್ರಕರಣಗಳನ್ನು ಅಧ್ಯಯನ ಮಾಡಿ ಬರೆದರು. ಇದಕ್ಕೆ 'ಅನಿಮಲ್ ಹೋರ್ಡಿಂಗ್', ಅಂದರೆ ಪ್ರಾಣಿ ಕೂಡಿಹಾಕೋ ಗೀಳು ಅಂತಾರೆ. ಪ್ರಾಣಿ ಬಹಳ ಇದ್ದ ಮಾತ್ರಕ್ಕೆ ಈ ಗೀಳು ಅನ್ನೋಕಾಗಲ್ಲ. ಅನ್ನ, ನೀರು, ಸ್ವಚ್ಛತೆ, ಚಿಕಿತ್ಸೆ ಕೊಡೋಕೆ ಆಗದೆ ಹೋಗೋದು, ಅವು ಸೊರಗಿ ಸಾಯ್ತಿದ್ದರೂ ಅದು ಅರಿವಿಗೆ ಬಾರದೆ ಇರೋದು, ಇವು ಮುಖ್ಯ ಲಕ್ಷಣ. ನಮ್ಮ ಅಜ್ಜನಿಗೆ ಇದೇ ಅಂತ ನಾನು ಹೇಳೋ ಹಾಗಿಲ್ಲ, ಮನೋವೈದ್ಯರು ನೋಡಬೇಕು. ಆದರೆ ಬರೀ ಪ್ರೀತಿಯಿಂದ ಆ ನಾಯಿಗಳು ಬದುಕಲ್ಲ. ಇದನ್ನ ಅಜ್ಜನ ಮೇಲೆ ಕನಿಕರ ಇರೋರೇ ಮೊದಲು ಒಪ್ಪಬೇಕು.

ಈಗ ಕ್ರೇನ್ ವಿಷಯ. ವ್ಯಾನ್ ಎತ್ತಿಸಿದರೆ ಅಜ್ಜ ಸಿರುಗುಪ್ಪ ರಸ್ತೆಗೋ ಇನ್ನೆಲ್ಲಿಗೋ ಹೋಗ್ತಾರೆ, ಅಲ್ಲಿ ಮತ್ತೆ ನಾಯಿ ಸೇರಿಸ್ತಾರೆ. ಇಂಥವರ ಪ್ರಾಣಿ ಕಿತ್ತುಕೊಂಡು ಚಿಕಿತ್ಸೆ ಕೊಡಿಸದೆ ಬಿಟ್ಟರೆ ಬಹುತೇಕರು ಮತ್ತೆ ಶುರು ಮಾಡ್ತಾರೆ. ನಾಯಿಗಳನ್ನು ದೂರ ಬಿಟ್ಟು ಬರೋದೂ ಕಾನೂನಿಗೆ ವಿರುದ್ಧ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಗೆ ಆಪರೇಷನ್, ರೇಬೀಸ್ ಲಸಿಕೆ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳ್ತು. ರೇಬೀಸ್ ಇದ್ದದ್ದು, ಮೇಲೆ ಬೀಳೋ ಸ್ವಭಾವದ್ದು ಮಾತ್ರ ಬೇರೆ.

ಅಂಗಡಿ ಮುಂದೆ ಯಾರೋ ವಿಷದ ಮಾತಾಡಿದ್ರಂತೆ. ಪ್ರಾಣಿಗೆ ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದ ತನಕ ಜೈಲು. ಆ ಮಾತು ಅಲ್ಲಿಗೇ ಬಿಡಿ.

ನನಗೆ ಹೆಚ್ಚಿನ ಭಯ ಬಿಸಿಲಿನದು. ನಿಂತ ಗಾಡಿಯ ಒಳಗೆ ಮೊದಲ ಅರ್ಧ ಗಂಟೆಯಲ್ಲೇ ಕಾವು ಏರಿಬಿಡ್ತದೆ. ಹೊರಗೇ 40 ಡಿಗ್ರಿ ದಾಟೋ ನಮ್ಮೂರಲ್ಲಿ ಇನ್ನು ಕೇಳಬೇಡಿ. ನಾಯಿಗಳೂ ಉಳಿಯಲ್ಲ, ಅಜ್ಜನೂ ಉಳಿಯಲ್ಲ.

ಮೂರನೇ ಕ್ರಾಸ್ (ತೋರಣಗಲ್ಲು ಶಿಫ್ಟ್):
ಡಾಕ್ಟ್ರೇ, ಕಚ್ಚಿಸಿಕೊಂಡ ಹುಡುಗನ ಮನೇಲಿ ಅರಿಶಿನ ಹಚ್ಚಿ ಸುಮ್ಮನಾಗ್ಯಾರೆ.

ಪಶುವೈದ್ಯರು (ನಿವೃತ್ತ):
ತಮ್ಮಾ, ಈಗಲೇ ಹೋಗಿ ಹೇಳು. ಗಾಯನ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಲಿ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಲಿ. ಮತ್ತೆ 3, 7, 28ನೇ ದಿನಕ್ಕೆ ತಪ್ಪದೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಔಷಧ ಕೆಲಸ ಮಾಡಲ್ಲ. ಕಚ್ಚಿದ ನಾಯಿ ಯಾವುದು ಅಂತ ತೋರಿಸಿದರೆ ಹತ್ತು ದಿನ ನಾನು ಕಣ್ಣಿಡ್ತೀನಿ.

ಸಿಸ್ಟರ್, ನಾಲ್ಕನೇ ಕ್ರಾಸ್:
ಮಾನಸಿಕ ಆರೋಗ್ಯದ ಕಡೆ ನಾನು ಓಡಾಡ್ತೀನಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ಶುರು ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ನೇ ಬುನಾದಿ. ಅಂಥ ಊರಲ್ಲಿ ಒಬ್ಬ ಅಜ್ಜನ್ನ ಡಾಕ್ಟರಿಗೆ ತೋರಿಸದೆ ಕ್ರೇನಿಗೆ ಕೊಟ್ಟರೆ ನನಗಂತೂ ಸಹಿಸೋಕೆ ಆಗಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ, ಹಿರಿಯರ ಸಹಾಯವಾಣಿ 14567ಕ್ಕೆ ನಾನೇ ಮಾತಾಡ್ತೀನಿ. ಪೊಲೀಸರನ್ನ ಕರೆಯೋದೇ ಆದರೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮಾನಸಿಕ ತೊಂದರೆ ಇರೋರನ್ನ ಲಾಕಪ್ಪಿಗೆ ಹಾಕೋ ಹಾಗಿಲ್ಲ, ಆಸ್ಪತ್ರೆಗೇ ಕರಕೊಂಡು ಹೋಗಬೇಕು.

ಅಜ್ಜನ ಹತ್ರ ವಸತಿಹೀನರ ಆಶ್ರಯ ಕೇಂದ್ರದ ಮಾತು ತೆಗೆದೆ. "ಇವನ್ನ ಬಿಟ್ಟು ಬಾ ಅಂತಾರವ್ವ, ನಾ ಒಲ್ಲೆ" ಅಂದರು. ಆ ನಾಯಿಗಳಲ್ಲಿ ಎರಡು ಮುದಿ ನಾಯಿ ಹೆಂಡತಿ ಸಾಕಿದ್ದಂತೆ. ಅವೆರಡೂ ಜೊತೇಲಿ ಇರ್ತಾವೆ ಅಂದರೆ ಉಳಿದವನ್ನ ಬಿಡೋಕೆ ಮನಸ್ಸು ಮಾಡಬಹುದು. ನಾವು ಹಿಡೀಬೇಕಾದ ದಾರಿ ಇದೊಂದೇ ಅಂತ ನನಗೆ ಅನಿಸ್ತದೆ.

ಎರಡನೇ ಕ್ರಾಸ್:
ಎಷ್ಟು ದಿನ ಕಾಯಬೇಕು? ಇದಕ್ಕೊಂದು ಗಡುವು ಬೇಕು. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ.

ಮೇಷ್ಟ್ರು, ಒಂದನೇ ಕ್ರಾಸ್:
ಗಡುವು ಇರಲಿ, ನ್ಯಾಯವಾದದ್ದೇ. ನಮ್ಮ ಬಂಧುಗಳ ಮನೆ ಕಟ್ಟುತ್ತಿರುವ ಕಡೆ ವಾಚ್‌ಮನ್ ಕೋಣೆ ಖಾಲಿ ಇದೆ. ಎರಡು ನಾಯಿ ಜೊತೆಗೆ ಇರಬಹುದೇ ಎಂದು ಕೇಳಿದ್ದೇನೆ, ಇನ್ನೂ ಹೂಂ ಅಂದಿಲ್ಲ. ಆಧಾರ್ ಇದ್ದರೆ ಸಂಧ್ಯಾ ಸುರಕ್ಷಾ ಅರ್ಜಿ ನಾನು ತುಂಬಿಸುತ್ತೇನೆ. 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ.

ಸಂಘದ ಕಾರ್ಯದರ್ಶಿ:
ಸರಿ. ಭಾನುವಾರ ಈ ಮೂರು ವಿಷಯ: ಆಪರೇಷನ್, ಲಸಿಕೆಗೆ ಪಾಲಿಕೆಗೆ ಮನವಿ, ಎಲ್ಲರ ಸಹಿ, ಹೆಣ್ಣು ನಾಯಿಗಳದ್ದು ಮೊದಲು. ಊಟ ಹಾಕೋಕೆ ಮಕ್ಕಳ ದಾರಿ ಬಿಟ್ಟು ಒಂದು ಜಾಗ ಗೊತ್ತು ಮಾಡೋದು. 2023ರ ನಿಯಮದಲ್ಲಿ ಅದು ನಿವಾಸಿ ಸಂಘದ್ದೇ ಜವಾಬ್ದಾರಿ. ಮೂರನೇದು ಗಡುವು.

ಮೂಲೆಮನಿ ಅಕ್ಕ:
ಭಾನುವಾರದ ತನಕ ಆ ಮರಿ ಹಾಕಿದ್ದು ಬಿಸಿಲಾಗ ಬೇಯಬೇಕೇನ್ರಿ? ಮೊದಲು ನೆರಳು ಮಾಡ್ರಿ. ಗೋಣಿಚೀಲ, ಹಳೇ ಚಾದರ ನಮ್ಮನ್ಯಾಗ ಅದಾವೆ. ನೀರಿಗೆ ಎರಡು ಬಕೆಟ್ ಕೊಡ್ತೀನಿ.

ಮೂರನೇ ಕ್ರಾಸ್ (ತೋರಣಗಲ್ಲು ಶಿಫ್ಟ್):
ಹುಡುಗನ್ನ ಆಸ್ಪತ್ರೆಗೆ ಕರಕೊಂಡು ಹೊಂಟೀನಿ. ನಾಳೆ ನಂಗೆ ವೀಕ್ಲಿ ಆಫ್. ಟಾರ್ಪಾಲ್ ಐತೆ, ಬಿದಿರಿನ ಗಳ ನಾಲ್ಕು ಬೇಕು. ಅಕ್ಕಾರೇ, ಏಳು ಗಂಟೆಗೆ ಬಂದು ಬಕೆಟ್ ತಗೋತೀನಿ. ಇನ್ನಿಬ್ಬರು ಬರ್ರಿ.