ಜೇಡಗಳ ವರ್ತನೆ ನೋಡುವ ಲ್ಯಾಬ್‌ಗೆ ಸೇರುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ವಿಶ್ವವಿದ್ಯಾಲಯದ ಲ್ಯಾಬ್ ಒಂದರಲ್ಲಿ ಆರು ತಿಂಗಳ ಅವಕಾಶ ಸಿಕ್ಕಿದೆ. ಜಂಪಿಂಗ್ ಸ್ಪೈಡರ್ ಗಂಡುಗಳು ಹೆಣ್ಣನ್ನು ಒಲಿಸಿಕೊಳ್ಳೋದು ಹೇಗೆ ಅನ್ನೋದು ವಿಷಯ. ಪಠ್ಯದಲ್ಲಿ ಓದಿದ್ದು ಬಿಟ್ಟರೆ ಏನೂ ಗೊತ್ತಿಲ್ಲ, ಜೇಡ ಕಂಡರೆ ಸ್ವಲ್ಪ ಭಯ ಬೇರೆ. ಶುರುವಿನಿಂದಲೇ ಯಾವುದರ ಬಗ್ಗೆ ಹುಷಾರಾಗಿರಬೇಕು?

ಉತ್ತರ 1
ಇದೇ ಜೇಡಗಳ ಜೊತೆ ಪಿಎಚ್‌ಡಿ ಮಾಡ್ತಿದ್ದೀನಿ, ನಾಲ್ಕನೇ ವರ್ಷ. ಭಯ ಎರಡು ವಾರದಲ್ಲಿ ಹೋಗುತ್ತೆ. ಆಮೇಲೆ ಕಾಡೋದು ಸಾಕಣೆ. ಊಟಕ್ಕೆ ಹಣ್ಣುನೊಣ ಬೆಳೆಸಬೇಕು; 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗೋಕೆ ಸುಮಾರು 10 ದಿನ. ಈ ವಾರ ಹೊಸ ಬಾಟಲಿ ಹಾಕೋದು ಮರೆತರೆ ಮುಂದಿನ ವಾರ ಜೇಡಗಳಿಗೆ ಉಪವಾಸ. ಜೇಡ ರೇಷ್ಮೆಯ ಗೂಡೊಳಗೆ ಸೇರಿ ತಿನ್ನೋದು ನಿಲ್ಲಿಸಿದರೆ ಗಾಬರಿ ಬೇಡ, ಪೊರೆ ಕಳಚೋಕೆ ಹೊರಟಿರುತ್ತೆ. ಮುಟ್ಟಬೇಡಿ. ಕಳಚಿದ ದಿನಾಂಕ ಮಾತ್ರ ಡಬ್ಬಿ ಮೇಲೆ ಬರೀರಿ. ಹೊರಗಿಂದ ಹಿಡಿದು ತಂದ ದೊಡ್ಡ ಹೆಣ್ಣು ಈಗಾಗಲೇ ಕೂಡಿರಬಹುದು, ಅಂಥವು ಸಾಮಾನ್ಯವಾಗಿ ಗಂಡನ್ನು ಹತ್ತಿರ ಸೇರಿಸಲ್ಲ. ಮರಿಯಿಂದಲೇ ಸಾಕಿದ್ದಾದರೆ ಆ ಗೊಂದಲ ಇಲ್ಲ.

ನನ್ನ ಮೊದಲ 40 ಟ್ರಯಲ್ ಪೂರ್ತಿ ದಂಡ. ಒಂದು ದಿನ ಹೆಣ್ಣನ್ನು ಬಿಡೋಕೆ ಮುಂಚೆಯೇ ಪ್ರಯೋಗದ ಖಾಲಿ ತಟ್ಟೆಯಲ್ಲಿ ಗಂಡು ಮುಂಗಾಲೆತ್ತಿ ಕುಣಿಯೋಕೆ ಶುರು ಮಾಡಿತು! ಹಿಂದಿನ ಟ್ರಯಲ್‌ನ ಹೆಣ್ಣು ಓಡಾಡುವಾಗ ಬಿಟ್ಟ ರೇಷ್ಮೆ ಎಳೆ ಅಲ್ಲೇ ಇತ್ತು. ಅದರಲ್ಲಿರುವ ರಾಸಾಯನಿಕ ಸಾಕು, ಗಂಡಿಗೆ ಸುದ್ದಿ ಮುಟ್ಟುತ್ತೆ. ಅವತ್ತಿಂದ ಪ್ರತಿ ಟ್ರಯಲ್ ಆದಮೇಲೂ 70% ಎಥನಾಲ್‌ನಲ್ಲಿ ಒರೆಸಿ, ಒಣಗಿಸಿ, ತಳಕ್ಕೆ ಹೊಸ ಕಾಗದ. ಅಂದಹಾಗೆ ಎಷ್ಟೋ ಜಾತಿಗಳಲ್ಲಿ ಗಂಡು ಕುಣಿಯೋದರ ಜೊತೆಗೆ ಹೊಟ್ಟೆ ಅದುರಿಸಿ ನೆಲದ ಮೂಲಕ ತಾಳವನ್ನೂ ಕಳಿಸುತ್ತೆ. ಫ್ರಿಜ್ ಇರೋ ಮೇಜಿನ ಮೇಲೆ ಪ್ರಯೋಗ ಇಟ್ಟರೆ ಫ್ರಿಜ್ಜಿನದೇ ತಾಳ.

ಉತ್ತರ 2
ನಾನು ಜೇನುನೊಣದವಳು, ಆದರೂ ಹೇಳ್ತೀನಿ. ವಿಡಿಯೊ ನೋಡಿ ಗುರುತು ಹಾಕುವಾಗ ‘ಆಸಕ್ತಿ ತೋರಿತು’ ಅಂತ ಬರೀಬೇಡಿ. ‘ಎರಡೂ ಮುಂಗಾಲು ಮೇಲೆತ್ತಿತು, 3 ಸೆಕೆಂಡ್’ ಅಂತ ಬರೀರಿ. ಯಾವ ಗುಂಪಿನ ಜೇಡ ಅಂತ ನೋಡುವವರಿಗೆ ಗೊತ್ತಿರಬಾರದು. ಫೈಲ್ ಹೆಸರನ್ನು ಸ್ನೇಹಿತರ ಕೈಲಿ ಬದಲಾಯಿಸಿಕೊಳ್ಳಿ. ಸ್ವಲ್ಪ ವಿಡಿಯೊಗಳನ್ನು ಇನ್ನೊಬ್ಬರಿಂದಲೂ ಎಣಿಸಿ. ನನ್ನ ಎಣಿಕೆಯೇ ಎರಡನೇ ಸಲಕ್ಕೆ ಹೊಂದದೆ ಒಂದು ತಿಂಗಳು ಕೂತು ಮತ್ತೆ ಮಾಡಿದ್ದೀನಿ.

ಗೈಡ್ ‘ಯಾಕೆ ಕುಣಿಯುತ್ತೆ?’ ಅಂತ ಕೇಳಿಯೇ ಕೇಳ್ತಾರೆ. ಪ್ರಾಣಿಗಳ ವರ್ತನೆ ಅಧ್ಯಯನ ಮಾಡಿದ ವಿಜ್ಞಾನಿ ನಿಕೊ ಟಿಂಬರ್ಗನ್ 1963ರಲ್ಲಿ ಆ ‘ಯಾಕೆ’ಯನ್ನು ನಾಲ್ಕಾಗಿ ಒಡೆದಿಟ್ಟಿದ್ದಾರೆ: ದೇಹದೊಳಗೆ ಏನು ನಡೆದು ಕುಣಿತ ಆಗುತ್ತೆ, ಬೆಳೆಯುತ್ತಾ ಹೇಗೆ ಬರುತ್ತೆ, ಅದರಿಂದ ಲಾಭ ಏನು, ವಿಕಾಸದಲ್ಲಿ ಎಲ್ಲಿಂದ ಬಂತು. ನಿಮ್ಮದು ಯಾವುದು ಅಂತ ಮೊದಲೇ ತೀರ್ಮಾನಿಸಿ. ಆರು ತಿಂಗಳಿಗೆ ಒಂದೇ ಜಾಸ್ತಿ.

ಉತ್ತರ 3
ಮೊದಲ ವಾರ ಪ್ರಯೋಗವೇ ಬೇಡ. ಸುಮ್ಮನೆ ಕೂತು ನೋಡಿ. ಅದೂ ತಿರುಗಿ ನಿಮ್ಮನ್ನೇ ನೋಡುತ್ತೆ, ಎಂಟು ಕಣ್ಣು ಇಟ್ಟುಕೊಂಡು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ: ಕುಣಿಯುತ್ತಿರುವಾಗಲೇ ಹೆಣ್ಣು ಗಂಡನ್ನು ಹಿಡಿದು ತಿಂದುಬಿಟ್ಟರೆ ಆ ಟ್ರಯಲ್ ಬಿಟ್ಟುಬಿಡೋದಾ?

ಉತ್ತರ 1
ಖಂಡಿತ ಬಿಡಬೇಡಿ, ಅದೂ ಡೇಟಾ. ಎಷ್ಟನೇ ಸೆಕೆಂಡಿಗೆ ಹಿಡಿಯಿತು, ಹಿಂದಿನ ಊಟ ಯಾವಾಗ ಆಗಿತ್ತು, ಎರಡನ್ನೂ ಬರೀರಿ.