ಬುರ್ಸಾ ಮಿಲ್‌ನ ಕಾಗದ ಓದಲು ಬಟ್ಟೆ ಗೊತ್ತಿರುವ ಟರ್ಕಿಶ್ ಅನುವಾದಕರು ಎಲ್ಲಿ ಸಿಗುತ್ತಾರೆ?

ಪೀಣ್ಯ ಮರ್ಚಂಡೈಸರ್:
ಎಲ್ಲರಿಗೂ ನಮಸ್ಕಾರ. ನಮ್ಮ ಯುರೋಪಿನ ಬೈಯರ್ ಈ ಸಲ ಲೇಡೀಸ್ ಟಾಪ್‌ಗೆ ವಿಸ್ಕೋಸ್ ಬಟ್ಟೆಯನ್ನು ಟರ್ಕಿಯ ಬುರ್ಸಾದಿಂದಲೇ ತರಿಸಬೇಕು ಎಂದಿದ್ದಾರೆ. ಮಿಲ್‌ನವರ ಮೇಲ್ ಇಂಗ್ಲಿಷ್‌ನಲ್ಲೇ ಬರುತ್ತದೆ. ಆದರೆ ಸ್ಪೆಕ್ ಶೀಟ್, ಲ್ಯಾಬ್ ರಿಪೋರ್ಟ್ ಎಲ್ಲಾ ಟರ್ಕಿಶ್. ಒಂದು ಏಜೆನ್ಸಿಗೆ ಕೊಟ್ಟೆವು. ಫಿನಿಶಿಂಗ್ (ನೇಯ್ದ ಬಟ್ಟೆಗೆ ಮಾಡುವ ಸಂಸ್ಕರಣೆ) ಕಾಲಂನಲ್ಲಿ ‘ನಡವಳಿಕೆ’ ಎಂಬ ಅರ್ಥದ ಇಂಗ್ಲಿಷ್ ಪದ ಹಾಕಿ ಕಳಿಸಿದ್ದಾರೆ! ಹಾಸಿನ (ಉದ್ದದ ನೂಲಿನ) ಕಡೆ ಎಷ್ಟು ಕುಗ್ಗುತ್ತದೆ, ಹೊಕ್ಕಿನ (ಅಡ್ಡ ನೂಲಿನ) ಕಡೆ ಎಷ್ಟು ಅಂತ ಪ್ಯಾಟರ್ನ್ ಮಾಸ್ಟರ್ ದಿನಾ ಕೇಳುತ್ತಿದ್ದಾರೆ. ಯಾರನ್ನು ಹಿಡಿಯಲಿ?

ಎಕ್ಸ್‌ಪೋರ್ಟ್ ಡಾಕ್ಸ್:
ಟರ್ಕಿಯಲ್ಲಿ ‘ಯೆಮಿನ್ಲಿ ತೆರ್ಜುಮಾನ್’ ಅಂತ ಇರುತ್ತಾರೆ. ನೋಟರಿ ಮುಂದೆ ಪ್ರಮಾಣ ಮಾಡಿದ ಅನುವಾದಕರು. ಅವರನ್ನೇ ಕೇಳಿ.

ಇಸ್ತಾಂಬುಲ್ ಕನ್ನಡತಿ:
ಅಗ್ರಿಮೆಂಟ್, ಕೋರ್ಟಿನ ಕಾಗದಕ್ಕೆ ಅವರು ಬೇಕೇ ಬೇಕು. ಆದರೆ ಪ್ರಮಾಣ ಮಾಡಿದವರಿಗೆಲ್ಲಾ ಬಟ್ಟೆ ಗೊತ್ತಿರಬೇಕು ಅಂತೇನಿಲ್ಲ. ನಾನು ಇಲ್ಲಿನ ಬಟ್ಟೆ ವ್ಯಾಪಾರದ ಬಡಾವಣೆ ಮೆರ್ತೆರ್‌ನ ಬೈಯಿಂಗ್ ಆಫೀಸಿನಲ್ಲಿ ಕೆಲಸ ಮಾಡಿದವಳು. ಒಳ್ಳೆಯ ಅನುವಾದ ಮಾಡಿಕೊಟ್ಟವರಲ್ಲಿ ಹೆಚ್ಚಿನವರು ಟೆಕ್ಸ್‌ಟೈಲ್ ಎಂಜಿನಿಯರಿಂಗ್ ಓದಿದವರು. ಇಜ್ಮಿರ್‌ನ ಎಗೆ, ಬುರ್ಸಾದ ಉಲುದಾ, ಇಸ್ತಾಂಬುಲ್ ಟೆಕ್ನಿಕಲ್, ಈ ಯೂನಿವರ್ಸಿಟಿಗಳಲ್ಲಿ ಆ ವಿಭಾಗ ಇದೆ. ಅನುವಾದಕರ ವೆಬ್‌ಸೈಟ್ ಪ್ರೋಝ್ ಡಾಟ್ ಕಾಮ್‌ನಲ್ಲಿ ಟರ್ಕಿಶ್–ಇಂಗ್ಲಿಷ್ ಆರಿಸಿ, ವಿಷಯದಲ್ಲಿ ಟೆಕ್ಸ್‌ಟೈಲ್ ಹಾಕಿ ಹುಡುಕಿ. ಆಮೇಲೆ ಏನು ಓದಿದ್ದಾರೆ, ಯಾವ ಮಿಲ್‌ನಲ್ಲಿ ಇದ್ದರು ಅಂತ ನೋಡಿ.

ಕೆಲಸ ಕೊಡುವ ಮುಂಚೆ ಹಳೆಯ ರಿಪೋರ್ಟಿನ ಒಂದು ಪುಟ ಕೊಟ್ಟು, ದುಡ್ಡು ಕೊಟ್ಟೇ ಮಾಡಿಸಿ. ಸುಮ್ನೆ ಪುಕ್ಕಟೆ ಕೇಳಬೇಡಿ. ಆ ಪುಟದಲ್ಲಿ ಈ ಪದಗಳಿರಲಿ: ತೆರ್ಬಿಯೆ, ಹಾಶಿಲ್, ಹಾಸ್ಲಿಕ್, ಬೊಂಜುಕ್ಲಾನ್ಮಾ. ಮೊದಲನೆಯದು ಫಿನಿಶಿಂಗ್. ಮನೆಮಾತಿನಲ್ಲಿ ಅದೇ ಪದಕ್ಕೆ ನಡತೆ, ಸಂಸ್ಕಾರ ಎಂಬ ಅರ್ಥ. ನಿಮ್ಮ ಏಜೆನ್ಸಿ ಎಡವಿದ್ದು ಅಲ್ಲೇ. ಎರಡನೆಯದು ಹಾಸಿನ ನೂಲಿಗೆ ಹಾಕುವ ಗಂಜಿ, ಮೂರನೆಯದು ಬಣ್ಣ ನಿಲ್ಲುವ ಗುಣ. ಕೊನೆಯದು ಪಿಲ್ಲಿಂಗ್, ಅಂದರೆ ಬಟ್ಟೆಯ ಮೇಲೆ ನೂಲಿನ ಸಣ್ಣ ಗುಂಡುಗಳು ಏಳುವುದು. ಬಟ್ಟೆ ಗೊತ್ತಿಲ್ಲದವರು ಅದನ್ನು ‘ಮಣಿಯಾಗುವುದು’ ಅಂತ ಬರೆಯುತ್ತಾರೆ. ನಾಲ್ಕೂ ಸರಿಯಾದರೆ ಧೈರ್ಯವಾಗಿ ಕೆಲಸ ಕೊಡಿ.

ಅಂಕಿಗಳನ್ನು ನೀವೇ ನೋಡಿ, ದಯವಿಟ್ಟು. ಟರ್ಕಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. ‘1.250 ಮೀಟರ್’ ಅಂದರೆ ಒಂದೂಕಾಲು ಮೀಟರ್ ಅಲ್ಲ, ಸಾವಿರದ ಇನ್ನೂರ ಐವತ್ತು. ‘3,5’ ಅಂದರೆ ಮೂರೂವರೆ. ಶ್ರಿಂಕೇಜ್ ಕಾಲಂನಲ್ಲಿ ಅಲ್ಪವಿರಾಮ ಬಿಟ್ಟುಹೋದರೆ ಇಡೀ ಪ್ಯಾಟರ್ನ್ ಹಾಳು.

ಪೀಣ್ಯ ಮರ್ಚಂಡೈಸರ್:
ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮ ಕ್ಯಾಟಲಾಗ್ ಅನ್ನೂ ಟರ್ಕಿಶ್‌ಗೆ ಮಾಡಿಸಬೇಕು. ಅವರಿಗೇ ಕೊಡಲಾ?

ಇಸ್ತಾಂಬುಲ್ ಕನ್ನಡತಿ:
ಅದಕ್ಕೆ ಬೇರೆಯವರನ್ನು ನೋಡಿ. ಟರ್ಕಿಶ್ ಮನೆಮಾತಾಗಿರುವ, ಫ್ಯಾಷನ್ ಬರೆದು ರೂಢಿಯಿರುವ ಅನುವಾದಕರು ಬೇಕು. ಲ್ಯಾಬ್ ರಿಪೋರ್ಟ್ ಚೆನ್ನಾಗಿ ಮಾಡುವವರು ಡ್ರೆಸ್ ಬಗ್ಗೆ ಬರೆದರೆ ಅದೂ ರಿಪೋರ್ಟಿನ ಹಾಗೇ ಇರುತ್ತದೆ. ಒಳಉಡುಪು, ಡೆನಿಮ್, ಮಕ್ಕಳ ಬಟ್ಟೆ, ಇದರಲ್ಲಿ ಯಾವುದು ಮಾಡಿದ್ದಾರೆ ಅಂತಲೂ ಕೇಳಿ. ದೆನಿಜ್ಲಿಯ ಟವೆಲ್, ಗಾಜಿಯಾಂತೆಪ್‌ನ ಕಾರ್ಪೆಟ್ ಮಾಡಿಕೊಂಡು ಬಂದವರಿಗೆ ಬ್ಲೌಸಿನ ಮಾತು ಅಷ್ಟು ಬರುವುದಿಲ್ಲ.

ಎಕ್ಸ್‌ಪೋರ್ಟ್ ಡಾಕ್ಸ್:
ಇಬ್ಬರು ಅನುವಾದಕರಿಗೂ ಸ್ವಾಚ್ (ಬಟ್ಟೆಯ ಸ್ಯಾಂಪಲ್ ತುಂಡು) ಕೊರಿಯರ್ ಮಾಡಿ. ಬಟ್ಟೆ ಕೈಯಲ್ಲಿದ್ದರೆ ಫೋನಿನಲ್ಲಿ ವಿವರಿಸುವ ಕೆಲಸ ಎಷ್ಟೋ ಕಮ್ಮಿಯಾಗುತ್ತದೆ.